ಅರುವತ್ತನಾಲ್ಕು ಮನೆಗಳ ಅರಸರು

ಮಕ್ಕಳೇ, ಚದುರಂಗದ ಹಾಸನ್ನು ನೀವೆಲ್ಲ ನೋಡಿದ್ದೀರಿ. ಎಂಟು ಸಾಲು, ಸಾಲಿಗೆ ಎಂಟು ಮನೆ, ಒಟ್ಟು ಅರುವತ್ತನಾಲ್ಕು ಮನೆ. ನಿಮ್ಮ ಅಣ್ಣನೋ ಸೋದರಮಾವನೋ ಮೊಬೈಲ್ ಫೋನಿನಲ್ಲಿ ಚದುರಂಗ ಆಡುವುದನ್ನೂ ನೋಡಿರಬಹುದು. ಅಲ್ಲಿ ಎದುರಾಳಿ ಕಣ್ಣಿಗೆ ಕಾಣುವುದಿಲ್ಲ. ಅವನು ಯಾವುದೋ ಊರಿನಲ್ಲಿ, ಯಾವುದೋ ದೇಶದಲ್ಲಿ ಇರುತ್ತಾನೆ. ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಮೂರು ನಿಮಿಷ, ಇಲ್ಲವೇ ಐದು ನಿಮಿಷ. ಪರದೆಯ ಬದಿಯಲ್ಲಿ ಗಡಿಯಾರ ಓಡುತ್ತಲೇ ಇರುತ್ತದೆ. ಸಮಯ ಮುಗಿದರೆ ಕೈಯಲ್ಲಿ ಆನೆ, ಮಂತ್ರಿ ಉಳಿದಿದ್ದರೂ ಸಾಮಾನ್ಯವಾಗಿ ಸೋಲೇ.

ನಮ್ಮ ಕೇರಳದ ತೃಶ್ಶೂರಿನ ನಿಹಾಲ್ ಸರಿನ್ ಇಂಥ ವೇಗದ ಆಟಕ್ಕೆ ಹೆಸರಾದವರು. 2018ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಅವರು ಗ್ರ್ಯಾಂಡ್‌ಮಾಸ್ಟರ್ ಆದರು. ಆದರೆ ಎಲ್ಲರಿಗೂ ಹೀಗೆ ಮೇಲೇರಲು ಆಗುವುದಿಲ್ಲ. ಹೊಸದಾಗಿ ಕಲಿತವರು ಮೊದಲ ವರ್ಷದಲ್ಲಿ ಬೇಗ ಬೇಗ ಮುಂದೆ ಬರುತ್ತಾರೆ. ಹತ್ತಾರು ವರ್ಷ ಆಡಿ ಕೈ ಪಳಗಿದವರೇ ಒಂದು ಕಡೆ ನಿಂತುಬಿಡುತ್ತಾರೆ. ದಿನಕ್ಕೆ ಇಪ್ಪತ್ತು ಆಟ ಆಡಿದರೂ ನಿಂತಲ್ಲೇ ನಿಂತಿರುತ್ತಾರೆ. ಏಕೆ ಹೀಗೆ? ಅವರು ತಮಗೆ ಗೊತ್ತಿರುವ ನಡೆಗಳನ್ನೇ ಮತ್ತೆ ಮತ್ತೆ ನಡೆಸುತ್ತಾರೆ. ಗೊತ್ತಿಲ್ಲದ ಕಡೆಗೆ ಕೈ ಹೋಗುವುದಿಲ್ಲ. ಗಡಿಯಾರ ಓಡುವಾಗ ಹೊಸದನ್ನು ಯೋಚಿಸಲು ಬಿಡುವೂ ಇರುವುದಿಲ್ಲ.

ಸುಮಾರು ಇನ್ನೂರು ವರ್ಷಗಳ ಹಿಂದೆ ಮೈಸೂರಿನಲ್ಲಿ ಒಬ್ಬ ಅರಸರು ಇದ್ದರು. ಚದುರಂಗ ಅವರಿಗೆ ಚೆನ್ನಾಗಿ ಬರುತ್ತಿತ್ತು. ಬರುತ್ತದೆ ಎಂದು ಅವರು ಅಲ್ಲಿಗೇ ನಿಲ್ಲಲಿಲ್ಲ. ಬಲ್ಲ ಆಟವನ್ನೇ ತಮಗೆ ತಾವು ಕಷ್ಟ ಮಾಡಿಕೊಂಡು, ಆ ಕಷ್ಟವನ್ನು ಬಿಡಿಸುತ್ತಾ ಹೋದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಮುಮ್ಮಡಿ ಎಂದರೆ ಮೂರನೆಯವರು ಎಂದು ಅರ್ಥ.

ಮೈಸೂರು ನಮಗೇನೂ ದೂರವಲ್ಲ. ವಯನಾಡು ಜಿಲ್ಲೆಯ ತೃಶ್ಶಿಲೇರಿಯನ್ನು ಭೂಪಟದಲ್ಲಿ ಹುಡುಕಿ. ಶಿವದೇವಾಲಯವಿರುವ ಊರು ಅದು. ಹತ್ತಿರದಲ್ಲೇ ತಿರುನೆಲ್ಲಿ ಇದೆ, ಇನ್ನೊಂದು ಕಡೆಗೆ ಮಾನಂದವಾಡಿ ಪೇಟೆ ಇದೆ. ಕಾಟ್ಟಿಕುಳಕ್ಕೆ ಬಂದು ಮೈಸೂರು ದಾರಿ ಹಿಡಿದರೆ ಕಾಡಿನ ನಡುವೆ ಬಾವಲಿ ಸಿಗುತ್ತದೆ. ಬಾವಲಿ ದಾಟಿದರೆ ಕರ್ನಾಟಕ. ಮುಂದೆ ಹೆಗ್ಗಡದೇವನಕೋಟೆ ತಾಲೂಕು, ಆಮೇಲೆ ಮೈಸೂರು. ವಯನಾಡಿನ ಮಳೆನೀರು ಕಬಿನಿ ಹೊಳೆಯಾಗಿ ಹರಿಯುವುದೂ ಮೈಸೂರು ಜಿಲ್ಲೆಗೇ. ಗಡಿಯ ಗೆರೆಯನ್ನು ಮನುಷ್ಯರು ಎಳೆದದ್ದು; ನೀರಿಗೆ ಅದು ಗೊತ್ತಿಲ್ಲ.

ಕೃಷ್ಣರಾಜರು ಹುಟ್ಟಿದ್ದು 1794ನೇ ಇಸವಿ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ರಾಜ್ಯವಾಳುತ್ತಿದ್ದವನು ಟಿಪ್ಪು ಸುಲ್ತಾನ. ಒಡೆಯರ ಮನೆತನಕ್ಕೆ ಅರಸೊತ್ತಿಗೆಯ ಹೆಸರು ಮಾತ್ರ ಉಳಿದಿತ್ತು, ಅಧಿಕಾರ ಇರಲಿಲ್ಲ. ಮಗುವಿಗೆ ಎರಡು ವರ್ಷವಾಗುವಾಗ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. 1799ರ ಮೇ ತಿಂಗಳಿನಲ್ಲಿ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದ ಕೋಟೆಯನ್ನು ಹಿಡಿಯಿತು. ಟಿಪ್ಪು ಯುದ್ಧದಲ್ಲಿ ಮಡಿದನು. ಗೆದ್ದವರು ರಾಜ್ಯವನ್ನು ಹಂಚಿಕೊಂಡರು. ಉಳಿದ ಭಾಗಕ್ಕೆ ಒಡೆಯರ ಮನೆತನದ ಈ ಮಗುವನ್ನೇ ಅರಸನನ್ನಾಗಿ ಮಾಡುವುದೆಂದು ತೀರ್ಮಾನವಾಯಿತು. ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕ ನಡೆಯಿತು. ಆಗ ಅಲ್ಲಿ ವಾಸಕ್ಕೆ ತಕ್ಕ ಅರಮನೆಯೂ ಇರಲಿಲ್ಲ. ಚಪ್ಪರ ಹಾಕಿ, ಅದರಡಿಯಲ್ಲಿ ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು.

ಐದು ವರ್ಷ ಎಂದರೆ ತೀರಾ ಎಳೆಯ ವಯಸ್ಸು. ಹುಡುಗ ಅರಸನಾದರೂ ಆಳುತ್ತಿದ್ದವರು ಬೇರೆ. ಅಜ್ಜಿ ಲಕ್ಷ್ಮಮ್ಮಣ್ಣಿಯವರು ಮನೆಯ ಹಿರಿಯರು. ದಿವಾನ ಪೂರ್ಣಯ್ಯನವರು ರಾಜ್ಯದ ಕೆಲಸ ನೋಡಿಕೊಳ್ಳುತ್ತಿದ್ದರು. ಅದೇ ಕಾಲದಲ್ಲಿ ವಯನಾಡಿನ ಕಾಡುಗಳಲ್ಲಿ ಪಳಶ್ಶಿರಾಜನು ಕುರಿಚ್ಯರನ್ನು ಕಟ್ಟಿಕೊಂಡು ಇಂಗ್ಲಿಷರ ವಿರುದ್ಧ ಹೋರಾಡುತ್ತಿದ್ದನು. 1805ರ ನವೆಂಬರ್ 30ರಂದು ಅವನು ಮಡಿದನು. ಅವನ ಸಮಾಧಿ ಮಾನಂದವಾಡಿಯಲ್ಲಿದೆ. ಕಾಡಿನ ಈಚೆಗೆ ಒಬ್ಬ ಅರಸ ಇಂಗ್ಲಿಷರೊಡನೆ ಕಾದಾಡುತ್ತಿದ್ದಾಗ, ಆಚೆಗೆ ಇನ್ನೊಬ್ಬ ಬಾಲಕ ಅರಸ ಅವರ ಕಣ್ಗಾವಲಿನಲ್ಲಿ ಬೆಳೆಯುತ್ತಿದ್ದನು.

1811ರಲ್ಲಿ ಪೂರ್ಣಯ್ಯನವರು ಕೆಲಸದಿಂದ ಬಿಡುಗಡೆ ಹೊಂದಿದರು. ಕೃಷ್ಣರಾಜರು ತಾವೇ ಆಳತೊಡಗಿದರು. ಆಗ ಅವರಿಗೆ ಹದಿನೇಳು ತುಂಬುತ್ತಿತ್ತು. ಸಂಗೀತಗಾರರು, ಚಿತ್ರಕಾರರು, ಪಂಡಿತರು ಅರಮನೆಗೆ ಬಂದರು. ಅರಸರದು ಕೊಡುಗೈ. 1823ರಲ್ಲಿ ಕೆಂಪುನಾರಾಯಣ ಎಂಬ ಕವಿ ಮುದ್ರಾಮಂಜೂಷವೆಂಬ ಕನ್ನಡ ಗದ್ಯಗ್ರಂಥವನ್ನು ಬರೆದದ್ದು ಇವರ ಆಶ್ರಯದಲ್ಲೇ. ಚಾಮುಂಡಿಬೆಟ್ಟದ ದೇವಾಲಯದ ಗೋಪುರವನ್ನು ಇವರು ಕಟ್ಟಿಸಿ ಸರಿಪಡಿಸಿದರು.

ಆದರೆ ಹಳ್ಳಿಗಳಲ್ಲಿ ಎಲ್ಲವೂ ಸರಿಯಿರಲಿಲ್ಲ. ಇದನ್ನು ಮುಚ್ಚಿಡಬಾರದು. ತೆರಿಗೆ ವಸೂಲು ಮಾಡುವ ಅಮಲ್ದಾರರು ಇಷ್ಟು ಹಣ ತಂದುಕೊಡುತ್ತೇವೆಂದು ಮೊದಲೇ ಒಪ್ಪಿಕೊಳ್ಳಬೇಕಾಗಿತ್ತು. ಒಪ್ಪಿದ ಹಣಕ್ಕಾಗಿ ಅವರು ರೈತರನ್ನು ಹಿಂಡಿದರು. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ನಗರ ಎಂದರೆ ಪೇಟೆಯಲ್ಲ, ಈಗಿನ ಶಿವಮೊಗ್ಗ ಜಿಲ್ಲೆಯ ಕಡೆಯ ಒಂದು ಸೀಮೆ. ದಂಗೆಯನ್ನು ಅಡಗಿಸಲು ಇಂಗ್ಲಿಷರ ಸೈನ್ಯ ಬಂತು. ಇದನ್ನೇ ಕಾರಣ ಮಾಡಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ರಾಜ್ಯದ ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಂಡನು. ಅರಸರು ಅರಸರೇ; ಸಿಂಹಾಸನವಿದೆ, ದಸರೆಯಿದೆ, ಅರಮನೆಯಿದೆ. ಆದರೆ ಒಂದು ಊರಿಗೆ ಅಮಲ್ದಾರನನ್ನು ನೇಮಿಸುವ ಅಧಿಕಾರವೂ ಇಲ್ಲ. ಆ ಕೆಲಸಕ್ಕೆ ಇಂಗ್ಲಿಷ್ ಕಮಿಷನರುಗಳು ಬಂದರು. ಅವರಲ್ಲಿ ಮಾರ್ಕ್ ಕಬ್ಬನ್ ಎಂಬವನು 1834ರಿಂದ 1861ರವರೆಗೆ ಆಳಿದನು. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರು ನೀವು ಕೇಳಿರಬಹುದು. ಅದು ಅವನ ಹೆಸರೇ.

ದಂಗೆಯ ವಿಷಯವನ್ನು ವಿಚಾರಿಸಲು ಸರಕಾರವೇ ನೇಮಿಸಿದ ಸಮಿತಿಯು 1833ರಲ್ಲಿ ವರದಿ ಕೊಟ್ಟಿತು. ಅರಸರ ಮೇಲಿನ ದೂರುಗಳು ಇದ್ದುದಕ್ಕಿಂತ ದೊಡ್ಡದಾಗಿ ಕಾಣಿಸಿದ್ದವು ಎಂಬುದು ಅದರಿಂದ ತಿಳಿಯಿತು. ಆದರೂ ಆಡಳಿತ ಹಿಂದಿರುಗಲಿಲ್ಲ.

ಅರಸರಿಗೆ ಆಗ ಮೂವತ್ತೇಳು ವರ್ಷ. ಕೈಯಲ್ಲಿ ಕೆಲಸವಿಲ್ಲ. ಮುಂದೆ ಬದುಕು ಉದ್ದಕ್ಕೆ ಬಿದ್ದಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅವರು ಎರಡು ಕೆಲಸ ಮಾಡಿದರು. ಒಂದು, ರಾಜ್ಯವನ್ನು ಹಿಂದಕ್ಕೆ ಕೊಡಿರೆಂದು ಇಂಗ್ಲಿಷರಿಗೆ ಪತ್ರದ ಮೇಲೆ ಪತ್ರ ಬರೆಯುತ್ತಲೇ ಇದ್ದರು. ಇನ್ನೊಂದು, ತಮ್ಮ ಬುದ್ಧಿಗೆ ತುಕ್ಕು ಹಿಡಿಯಲು ಬಿಡಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುವ ಶಾಲೆ ತೆರೆದರು. ಅದೇ ಮುಂದೆ ಬೆಳೆದು ಮಹಾರಾಜ ಕಾಲೇಜಾಯಿತು. ಪಂಡಿತರನ್ನೂ ಚಿತ್ರಕಾರರನ್ನೂ ಕೂರಿಸಿಕೊಂಡು ಶ್ರೀತತ್ತ್ವನಿಧಿ ಎಂಬ ದೊಡ್ಡ ಗ್ರಂಥವನ್ನು ಮಾಡಿಸಿದರು. ಅದರಲ್ಲಿ ಒಂಬತ್ತು ಭಾಗಗಳಿವೆ, ಒಂದೊಂದೂ ಒಂದು ನಿಧಿ. ದೇವರುಗಳ, ಗ್ರಹಗಳ ಬಣ್ಣದ ಚಿತ್ರಗಳು ತುಂಬಿವೆ. ಒಂಬತ್ತನೆಯ ಭಾಗದ ಹೆಸರು ಕೌತುಕನಿಧಿ. ಅದು ಆಟಗಳ ಭಾಗ! ದೇವರುಗಳನ್ನು ವರ್ಣಿಸುವ ಪುಸ್ತಕದಲ್ಲಿ ಆಟಗಳಿಗೂ ಒಂದು ನಿಧಿಯನ್ನು ಮೀಸಲಿಟ್ಟ ಅರಸರು ಇವರೇ ಇರಬೇಕು.

ಕಾಸರಗೋಡಿನ ಮನೆಗಳಲ್ಲಿ ಆಟಿ ತಿಂಗಳ ಮಳೆಗೆ ಚೆನ್ನೆಮಣೆ ಹೊರಗೆ ಬರುತ್ತದೆ. ಮೈಸೂರಿನ ಕಡೆ ಅದನ್ನೇ ಹೋಲುವ ಅಳಗುಳಿಮಣೆ ಇದೆ. ಹುಲಿ ಕುರಿ ಆಟ, ಪಗಡೆ, ಚೌಕಾಬಾರ ನಿಮಗೆ ಗೊತ್ತು. ಇಂಥ ಮಣೆಯಾಟಗಳ ಮೇಲೆ ಅರಸರಿಗೆ ತುಂಬ ಪ್ರೀತಿ. ಇದ್ದ ಆಟಗಳನ್ನು ಆಡಿದ್ದು ಮಾತ್ರವಲ್ಲ, ಹೊಸ ಆಟಗಳನ್ನೂ ಕಟ್ಟಿದರು. ಗಂಜೀಫಾ ಎಂಬ ಎಲೆಯಾಟದಲ್ಲಿ ಅವರು ಮಾಡಿದ ಛದಗಳೆಂಬ ಕಟ್ಟುಗಳು ಪ್ರಸಿದ್ಧವಾಗಿವೆ. ಈಗ ಅಂಗಡಿಯಲ್ಲಿ ಸಿಗುವ ಇಸ್ಪೀಟು ಕಟ್ಟಿನಲ್ಲಿ 52 ಎಲೆ. ಅವರ ಕಟ್ಟುಗಳಲ್ಲಿ 360 ಎಲೆಗಳವರೆಗೂ ಇದ್ದವು. ಒಂದೊಂದು ಎಲೆಯಲ್ಲೂ ಕೈಯಿಂದ ಬರೆದ ಚಿತ್ರ. ಅಷ್ಟು ಎಲೆಗಳನ್ನು ಕೈಯಲ್ಲಿ ಹಿಡಿದು ಆಡುವುದು ಹೇಗೆ ಎಂಬುದು ನನಗೂ ಒಂದು ಕೌತುಕವೇ.

ಆದರೆ ಅವರ ಬುದ್ಧಿ ಹೆಚ್ಚು ಓಡಿದ್ದು ಚದುರಂಗದ ಕುದುರೆಯ ಬೆನ್ನ ಮೇಲೆ.

ಚದುರಂಗದಲ್ಲಿ ಆನೆ ನೇರಕ್ಕೆ ಹೋಗುತ್ತದೆ, ಒಂಟೆ ಓರೆಯಾಗಿ ಹೋಗುತ್ತದೆ. ಕುದುರೆ ಮಾತ್ರ ಎರಡು ಮನೆ ನೇರ ಹಾರಿ, ಒಂದು ಮನೆ ಪಕ್ಕಕ್ಕೆ ಇಳಿಯುತ್ತದೆ. ನಡುವೆ ಯಾರಿದ್ದರೂ ಅದಕ್ಕೆ ಲೆಕ್ಕವಿಲ್ಲ. ಈ ಕುದುರೆಯನ್ನು ಬರಿದಾದ ಹಾಸಿನ ಒಂದು ಮನೆಯಲ್ಲಿಡಿ. ಅದು ಹಾರುತ್ತಾ ಹಾರುತ್ತಾ ಅರುವತ್ತನಾಲ್ಕು ಮನೆಗಳನ್ನೂ ಮುಟ್ಟಬೇಕು. ಯಾವ ಮನೆಗೂ ಎರಡನೆಯ ಸಲ ಕಾಲಿಡಬಾರದು. ಇದಕ್ಕೆ ಕುದುರೆ ನಡಿಗೆ, ತುರಗಗತಿ ಎಂದೆಲ್ಲ ಹೇಳುತ್ತಾರೆ. ತುರಗ ಎಂದರೆ ಕುದುರೆ.

ಇದು ನಮ್ಮ ದೇಶಕ್ಕೆ ಬಹಳ ಹಳೆಯ ವಿದ್ಯೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟನೆಂಬ ಪಂಡಿತನು ಸಂಸ್ಕೃತದಲ್ಲಿ ಇಂಥ ಪದ್ಯ ಬರೆದಿದ್ದನು. ಮನೆಗೊಂದರಂತೆ ಅಕ್ಷರ ಬರೆಯುವುದು. ಕುದುರೆಯ ಹಿಂದೆ ಹೋದರೆ ಅಕ್ಷರಗಳು ಕೂಡಿ ಪದ್ಯವಾಗುವುದು. ಯೂರೋಪಿನಲ್ಲಿ ಆಯ್ಲರ್ ಎಂಬ ಮಹಾ ಗಣಿತಜ್ಞನು 1759ರಲ್ಲಿ ಇದನ್ನು ಕುರಿತು ಲೇಖನ ಬರೆದನು. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡೋರ್ಫ್ ಒಂದು ಸುಲಭದ ಉಪಾಯ ಹೇಳಿದನು. ಪ್ರತಿ ಸಲವೂ ಯಾವ ಮನೆಯಿಂದ ಮುಂದಕ್ಕೆ ದಾರಿ ಅತಿ ಕಡಿಮೆಯೋ ಆ ಮನೆಗೇ ಮೊದಲು ಹೋಗಬೇಕು. ಕಷ್ಟದ ಮನೆಗಳನ್ನು ಕೊನೆಗೆ ಇಟ್ಟುಕೊಂಡರೆ ಸಿಕ್ಕಿಬೀಳುತ್ತೀರಿ. ಮೂಲೆಯ ಮನೆಯಿಂದ ಕುದುರೆಗೆ ಎರಡೇ ದಾರಿ. ನಡುವಿನ ಹದಿನಾರು ಮನೆಗಳಲ್ಲಿ ಯಾವುದರಿಂದ ಹೊರಟರೂ ಎಂಟು ದಾರಿ. ಎಣಿಸಿ ನೋಡಿ.

ಎಂಟು ಸಾಲಿನ ಹಾಸು ನಿಮಗೆ ಮೊದಲಿಗೆ ಕಷ್ಟವಾದೀತು. ಅಂಗಳದಲ್ಲಿ ಐದು ಸಾಲು, ಸಾಲಿಗೆ ಐದು ಮನೆ ಬರೆಯಿರಿ. ಇಪ್ಪತ್ತೈದು ಹುಣಸೆಬೀಜ ತೆಗೆದುಕೊಳ್ಳಿ. ಮೂಲೆಯಿಂದ ಹೊರಟು, ಕುದುರೆ ಮುಟ್ಟಿದ ಮನೆಯಲ್ಲಿ ಒಂದೊಂದು ಬೀಜ ಇಡುತ್ತಾ ಹೋಗಿ. ಎಲ್ಲ ಬೀಜ ಖರ್ಚಾದರೆ ಗೆದ್ದಿರಿ. ನಾಲ್ಕೈದು ಸಲ ಸೋತ ಮೇಲೆ ಮಾತ್ರ ಈ ಕೆಳಗಿನ ಚೌಕವನ್ನು ನೋಡಬಹುದು. 1ರಿಂದ 25ರವರೆಗೆ ಬೆರಳಿಟ್ಟು ಹೋಗಿ.

1   14   9   20   3
24   19   2   15   10
13   8   25   4   21
18   23   6   11   16
7   12   17   22   5

ಇನ್ನು ಮೂಲೆಯನ್ನು ಬಿಟ್ಟು ಅದರ ಪಕ್ಕದ ಮನೆಯಿಂದ ಹೊರಟು ನೋಡಿ. ದಿನವಿಡೀ ಕುಳಿತರೂ ಒಂದು ಮನೆಯಾದರೂ ಉಳಿಯುತ್ತದೆ. ಕಾರಣವಿದೆ. ಮನೆಗಳಿಗೆ ಕಪ್ಪು, ಬಿಳಿ ಎಂದು ಒಂದು ಬಿಟ್ಟು ಒಂದು ಬಣ್ಣ ಕೊಡಿ. ಮೂಲೆಯ ಬಣ್ಣದವು ಹದಿಮೂರು, ಇನ್ನೊಂದು ಬಣ್ಣದವು ಹನ್ನೆರಡು. ಕುದುರೆ ಹಾರಿದಾಗಲೆಲ್ಲ ಮನೆಯ ಬಣ್ಣ ಬದಲಾಗುತ್ತದೆ. ಆದ್ದರಿಂದ ಹೊರಟ ಬಣ್ಣದ ಮನೆಗಳು ಹದಿಮೂರು ಇದ್ದರೆ ಮಾತ್ರ ಇಪ್ಪತ್ತೈದು ತುಂಬುತ್ತದೆ.

ಅರಸರು ಅರುವತ್ತನಾಲ್ಕು ಮನೆಗಳ ನಡಿಗೆಯನ್ನು ಕಲಿತರು. ಬಹಳ ಮಂದಿ ಅಲ್ಲಿಗೆ ಸಾಕು ಎನ್ನುತ್ತಾರೆ. ಒಂದು ನಡಿಗೆ ಬಾಯಿಪಾಠವಾದರೆ ನೆಂಟರ ಮುಂದೆ ತೋರಿಸಿ ಮೆಚ್ಚುಗೆ ಪಡೆಯಬಹುದಲ್ಲವೇ? ಅರಸರು ಬೇರೆ ಬೇರೆ ಮನೆಗಳಿಂದ ಹೊರಡುವ ನಡಿಗೆಗಳನ್ನು ಹುಡುಕಿದರು. ಕೊನೆಯ ಮನೆಯಿಂದ ಒಂದೇ ಹಾರಿಕೆಗೆ ಹೊರಟ ಮನೆಗೆ ಹಿಂದಿರುಗುವಂಥ ನಡಿಗೆಗಳನ್ನು ಹುಡುಕಿದರು. ಅಕ್ಷರಗಳನ್ನು ತುಂಬಿ ಪದ್ಯ ಕಾಣಿಸುವ ಹಳೆಯ ವಿದ್ಯೆಯನ್ನೂ ಕೈಗೆತ್ತಿಕೊಂಡರು. ಅವರು ಬಿಟ್ಟುಹೋದ ನಡಿಗೆಗಳು ಒಂದೆರಡಲ್ಲ, ಹತ್ತಾರು.

ಆಮೇಲೆ ಇನ್ನೂ ದೊಡ್ಡ ಕಷ್ಟವನ್ನು ತಂದುಕೊಂಡರು. ಅದು ಹೀಗಿದೆ. ಕುದುರೆ ಮುಟ್ಟಿದ ಮನೆಗಳಲ್ಲಿ 1, 2, 3 ಎಂದು 64ರವರೆಗೆ ಬರೆಯಿರಿ. ಈ ಎಲ್ಲ ಸಂಖ್ಯೆಗಳ ಮೊತ್ತ 2080. ಅದನ್ನು ಎಂಟು ಸಾಲುಗಳಿಗೆ ಸಮನಾಗಿ ಹಂಚಿದರೆ ಸಾಲಿಗೆ 260. ಈಗ ಅಡ್ಡಸಾಲು ಯಾವುದನ್ನು ಕೂಡಿದರೂ 260 ಬರಬೇಕು, ಕಂಬಸಾಲು ಯಾವುದನ್ನು ಕೂಡಿದರೂ 260 ಬರಬೇಕು. ಕುದುರೆಯ ಹಾರಿಕೆಯೂ ತಪ್ಪಬಾರದು! ಒಂದು ಕಡೆ ಲೆಕ್ಕ ಸರಿಮಾಡಿದರೆ ಇನ್ನೊಂದು ಕಡೆ ಕುದುರೆಗೆ ದಾರಿ ಸಿಗುವುದಿಲ್ಲ. ಕುದುರೆಗೆ ದಾರಿ ಮಾಡಿದರೆ ಲೆಕ್ಕ ಕೆಡುತ್ತದೆ. ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿ ಎಂಬವನು ಇಂಥದೊಂದನ್ನು 1848ರಲ್ಲಿ ಪ್ರಕಟಿಸಿದನು. ಅದೇ ಕಾಲಕ್ಕೆ ಸಾವಿರಾರು ಮೈಲಿ ದೂರದ ಮೈಸೂರಿನ ಅರಮನೆಯಲ್ಲಿಯೂ ಈ ಲೆಕ್ಕದ ಹುಡುಕಾಟ ನಡೆದಿತ್ತು. ಅರಸರೂ ಇಂಥ ನಡಿಗೆಯನ್ನು ಕಂಡುಹಿಡಿದರು. ಹನ್ನೆರಡು ಸಾಲಿನ, 144 ಮನೆಗಳ ದೊಡ್ಡ ಹಾಸನ್ನೂ ಅವರು ಬಿಡಲಿಲ್ಲ. ಅಲ್ಲಿ ಸಾಲಿನ ಮೊತ್ತ 870 ಆಗಬೇಕು. ಗುಣಿಸಲು ಭಾಗಿಸಲು ಯಂತ್ರವಿಲ್ಲದ ಕಾಲವದು. ಒಂದು ಸಂಖ್ಯೆ ತಪ್ಪಿದರೆ ಅಳಿಸಿ ಮತ್ತೆ ಮೊದಲಿನಿಂದ.

ಎಂಟು ಮನೆಗಳ ಹಾಸಿನಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಎರಡು ಓರೆಸಾಲುಗಳೂ 260 ಆಗುವ ನಡಿಗೆ ಇದೆಯೇ? ಈ ಪ್ರಶ್ನೆ ಅರಸರ ಕಾಲದ ನಂತರವೂ ಬಹಳ ವರ್ಷ ಉಳಿಯಿತು. 2003ನೇ ಇಸವಿ ಆಗಸ್ಟ್ ತಿಂಗಳಿನಲ್ಲಿ ಕಂಪ್ಯೂಟರುಗಳಿಂದ ಎಲ್ಲವನ್ನೂ ಹುಡುಕಿಸಿ ಉತ್ತರ ಪಡೆದರು. ಅಂಥದು ಒಂದೂ ಇಲ್ಲ. ಅಡ್ಡಸಾಲು ಕಂಬಸಾಲುಗಳು ಮಾತ್ರ ಸರಿಹೋಗುವ ನಡಿಗೆಗಳು, ತಿರುಗಿಸಿ ಮಗುಚಿ ನೋಡುವುದನ್ನು ಬೇರೆಯೆಂದು ಎಣಿಸದಿದ್ದರೆ, 140 ಇವೆ. ಕೋಟಿಕೋಟಿ ನಡಿಗೆಗಳ ನಡುವೆ 140! ಅಂಥದಕ್ಕೆ ಅರಸರು ಕೈಯಿಂದಲೇ ದಾರಿ ಕಂಡದ್ದು.

ಕುದುರೆಯನ್ನು ಸುಮ್ಮನೆ ಹಾಸಿನ ಸುತ್ತ ಓಡಿಸಿದರೆ ಆಟ ಗೆಲ್ಲಲು ಬರುತ್ತದೆಯೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕುದುರೆ ನಡಿಗೆಯಲ್ಲಿ ಎದುರಾಳಿ ಇಲ್ಲ, ರಾಜನಿಗೆ ಶಹ ಕೊಡುವುದೂ ಇಲ್ಲ. ಅದೊಂದೇ ಸಾಲದು. ಆದರೆ ವೇಗದ ಆಟದಲ್ಲಿ ಪಳಗಿದವರೂ ಹೆಚ್ಚಾಗಿ ಎಡವುವುದು ಎಲ್ಲಿ ಗೊತ್ತೇ? ಎದುರಿನ ಕುದುರೆ ಎಲ್ಲಿಗೆ ಹಾರುತ್ತದೆ ಎಂಬಲ್ಲಿ. ಆನೆಯ ದಾರಿ ಕಣ್ಣಿಗೆ ಗೆರೆಯಂತೆ ಕಾಣುತ್ತದೆ, ಕುದುರೆಯ ದಾರಿ ಕಾಣುವುದಿಲ್ಲ. ಮೂರು ನಿಮಿಷದ ಆಟದಲ್ಲಿ ಬೆರಳು ಮಡಚಿ ಎಣಿಸುತ್ತಾ ಕುಳಿತರೆ ಗಡಿಯಾರ ಕಾಯುವುದಿಲ್ಲ. ಎಣಿಸದೆಯೇ ಗೊತ್ತಾಗಬೇಕು. ಕುದುರೆಯ ಓರೆಗೆ ತಾಗಿದ ಮನೆಗೆ ಅದು ಎರಡು ನಡೆಯಲ್ಲಿ ಬರುತ್ತದೆ. ಮೂಲೆಯಲ್ಲಿ ನಿಂತಿದ್ದರೆ ಮಾತ್ರ ನಾಲ್ಕು ನಡೆ ಬೇಕು. ನೇರಕ್ಕೆ ತಾಗಿದ ಮನೆಗೆ ಮೂರು ನಡೆ ಬೇಕು. ನೇರಕ್ಕೆ ಒಂದು ಮನೆ ಬಿಟ್ಟು ಆಚೆಯ ಮನೆಗೆ ಎರಡು ನಡೆ. ಓರೆಯಲ್ಲಿ ಒಂದು ಮನೆ ಬಿಟ್ಟು ಆಚೆಯ ಮನೆಗೆ ನಾಲ್ಕು ನಡೆ. ಆದ್ದರಿಂದ ಕುದುರೆಯಿಂದ ಓಡುವ ರಾಜನು ಓರೆಯಲ್ಲಿ ಒಂದು ಮನೆ ಬಿಟ್ಟು ನಿಂತರೆ ಸ್ವಲ್ಪ ಉಸಿರು ಬಿಡಬಹುದು. ಹಾಸಿನ ಮೇಲೆ ಕುದುರೆಯನ್ನು ನೂರು ಸಲ ನಡೆಸಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಆಟದಾಚೆ ಕುಳಿತು, ನಿಧಾನವಾಗಿ, ಒಂದೊಂದು ಕಾಯಿಯನ್ನು ಬೇರೆಯಾಗಿ ಕಲಿತದ್ದೇ ಗಡಿಯಾರ ಓಡುವಾಗ ಕೈಗೆ ಬರುವುದು.

ಅರಸರ ಕಾಲದಲ್ಲಿ ಚದುರಂಗಕ್ಕೆ ಗಡಿಯಾರವಿರಲಿಲ್ಲ. ಪಂದ್ಯಾವಳಿಯಲ್ಲಿ ಚದುರಂಗದ ಗಡಿಯಾರವನ್ನು ಮೊದಲು ಇಟ್ಟದ್ದು ಲಂಡನ್ನಿನಲ್ಲಿ, 1883ರಲ್ಲಿ. ನಮ್ಮ ಹಳೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಆಟ ನಿಧಾನವಾಗಿ ಸಾಗುತ್ತಿತ್ತು. ಅರಸರಿಗೆ ಬೇಕಾದಷ್ಟು ಸಮಯವಿತ್ತು. ಇಂಗ್ಲಿಷರು ಅವರ ರಾಜ್ಯವನ್ನು ತೆಗೆದುಕೊಂಡು ಅವರಿಗೆ ಕೊಟ್ಟದ್ದು ಸಮಯವೊಂದನ್ನೇ.

ಆಟದಲ್ಲಿ ಮುಳುಗಿ ಅರಸರು ರಾಜ್ಯವನ್ನು ಮರೆತರೆಂದು ನೀವು ತಿಳಿಯಬಾರದು. ಅವರ ನಿಜವಾದ ಚದುರಂಗ ಇನ್ನೊಂದು ಹಾಸಿನಲ್ಲಿ ನಡೆಯುತ್ತಿತ್ತು. ಅದರಲ್ಲಿ ಎದುರಾಳಿ ಬಲು ದೊಡ್ಡವನು.

1834ರಲ್ಲಿ ವಯನಾಡಿಗೆ ತಾಗಿದ ಕೊಡಗನ್ನು ಇಂಗ್ಲಿಷರು ವಶಪಡಿಸಿಕೊಂಡರು. 1848ರಲ್ಲಿ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದನು. ಅರಸನಿಗೆ ಹುಟ್ಟಿದ ಗಂಡುಮಗ ಇಲ್ಲದಿದ್ದರೆ, ದತ್ತುಮಗನನ್ನು ಒಪ್ಪದೆ ರಾಜ್ಯವನ್ನೇ ಸೇರಿಸಿಕೊಳ್ಳುವುದು ಅವನ ನೀತಿ. ಸತಾರ ಹೋಯಿತು, ಝಾನ್ಸಿ ಹೋಯಿತು, ನಾಗಪುರ ಹೋಯಿತು. ಕೃಷ್ಣರಾಜರಿಗೂ ಪಟ್ಟಕ್ಕೆ ಬರುವ ಮಗನಿರಲಿಲ್ಲ. ಅವರು ಕಣ್ಣು ಮುಚ್ಚಿದ ದಿನವೇ ಮೈಸೂರು ಎಂಬ ರಾಜ್ಯ ಭೂಪಟದಿಂದ ಅಳಿಸಿಹೋಗಬಹುದಾಗಿತ್ತು. ಇದನ್ನು ಅವರು ಚೆನ್ನಾಗಿ ಬಲ್ಲರು. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಅವರು ಇಂಗ್ಲಿಷರ ಕಡೆಗೇ ನಿಂತರು. ಇದು ಸರಿಯೋ ತಪ್ಪೋ ಎಂಬುದನ್ನು ನೀವು ದೊಡ್ಡ ತರಗತಿಗೆ ಹೋದ ಮೇಲೆ ಚರ್ಚಿಸಿ. ಅವರ ಲೆಕ್ಕ ಮಾತ್ರ ಸ್ಪಷ್ಟ. ರಾಜ್ಯವನ್ನು ನುಂಗಲು ಒಂದು ನೆಪವನ್ನೂ ಅವರು ಕೊಡಲಿಲ್ಲ.

1865ನೇ ಇಸವಿ ಜೂನ್ 18ರಂದು, ಎಪ್ಪತ್ತು ದಾಟಿದ ಅರಸರು ತಮ್ಮ ನೆಂಟರ ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಮಗುವಿನ ಹೆಸರು ಚಾಮರಾಜೇಂದ್ರ. ಇಂಗ್ಲಿಷರು ಒಪ್ಪಲಿ, ಬಿಡಲಿ ಎಂದು ಅವರು ಕಾಯಲಿಲ್ಲ. ಶಾಸ್ತ್ರಕ್ಕೆ ಸರಿಯಾಗಿ ದತ್ತು ಮಾಡಿಯೇಬಿಟ್ಟರು. ಸರಕಾರ ಮೊದಲು ಒಪ್ಪಲಿಲ್ಲ. ಅರಸರ ಪರವಾಗಿ ಇಂಗ್ಲೆಂಡಿನಲ್ಲಿಯೂ ಮಾತನಾಡುವವರು ಹುಟ್ಟಿಕೊಂಡರು. ಕೊನೆಗೆ 1867ರಲ್ಲಿ ಲಂಡನ್ನಿನ ಸರಕಾರ ಮಗುವನ್ನು ಮುಂದಿನ ಅರಸನೆಂದು ಒಪ್ಪಿತು. ಮಗು ದೊಡ್ಡವನಾದ ಮೇಲೆ ರಾಜ್ಯವನ್ನು ಹಿಂದಕ್ಕೆ ಕೊಡುವುದೆಂದು ನಿಶ್ಚಯವಾಯಿತು.

ಮಾರನೆಯ ವರ್ಷ, 1868ರ ಮಾರ್ಚ್ 27ರಂದು, ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಆಗ ಅವರಿಗೆ ಎಪ್ಪತ್ತಮೂರು ವರ್ಷ. ಆಡಳಿತ ಕೈಬಿಟ್ಟು ಮೂವತ್ತಾರು ವರ್ಷ ದಾಟಿತ್ತು. ಅದು ತಿರುಗಿ ಬಂದದ್ದನ್ನು ನೋಡಲು ಅವರು ಉಳಿದಿರಲಿಲ್ಲ. 1881ರ ಮಾರ್ಚ್ 25ರಂದು, ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರ ಕೈಗೆ ಇಂಗ್ಲಿಷರು ಮೈಸೂರನ್ನು ಒಪ್ಪಿಸಿದರು. ಒಮ್ಮೆ ಕೈಬಿಟ್ಟ ಇಷ್ಟು ದೊಡ್ಡ ರಾಜ್ಯ ಐವತ್ತು ವರ್ಷಗಳ ಮೇಲೆ ಹಿಂದಕ್ಕೆ ಬಂದದ್ದು ಬಹಳ ಅಪರೂಪ.

ಅರಸರು ವಾಸವಾಗಿದ್ದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗ ದಸರೆಗೆ ದೀಪ ಹಚ್ಚುವ ದೊಡ್ಡ ಅರಮನೆ ಅದರ ನಂತರ ಕಟ್ಟಿದ್ದು. ಆದರೆ 1861ರಲ್ಲಿ ಅವರು ಕಟ್ಟಿಸಿದ ಜಗನ್ಮೋಹನ ಅರಮನೆ ಉಳಿದಿದೆ. 1915ರಲ್ಲಿ ಅದರಲ್ಲಿ ಚಿತ್ರಶಾಲೆ ಆರಂಭವಾಯಿತು. ಅಲ್ಲಿಯ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರವಿದೆ, ಒಡೆಯರ ವಂಶವೃಕ್ಷವಿದೆ. ಅವುಗಳ ಜೊತೆಗೆ, ಮನೆಗಳನ್ನು ಎಳೆದು ಬಣ್ಣ ತುಂಬಿದ ಮಣೆಯಾಟಗಳ ಚಿತ್ರಗಳೂ ಇವೆ. ಶಾಲೆಯ ಪ್ರವಾಸದಲ್ಲಿ ಮೈಸೂರಿಗೆ ಹೋದವರು ಮೃಗಾಲಯವನ್ನೂ ದೊಡ್ಡ ಅರಮನೆಯನ್ನೂ ನೋಡಿ ಬಸ್ಸು ಹತ್ತಿಬಿಡುತ್ತಾರೆ. ನಿಮ್ಮ ಅಧ್ಯಾಪಕರಲ್ಲಿ ಕೇಳಿಕೊಂಡು ಈ ಗೋಡೆಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ. ಮನೆಗಳನ್ನು ಎಣಿಸಲು ಒಂದು ಪುಸ್ತಕ, ಪೆನ್ಸಿಲು ಕೈಯಲ್ಲಿರಲಿ.